ಗೇರ್‌ಬಾಕ್ಸ್ ಬಿಚ್ಚಿಸುವ ಮೊದಲು

ಅಳಿಯ, ನೀನು ಬರೆದದ್ದನ್ನು ಎರಡು ಸಲ ಓದಿದೆ. 1998ರ ಸುಬಾರು ಲೆಗಸಿ ಔಟ್‌ಬ್ಯಾಕ್, ಆಟೋಮ್ಯಾಟಿಕ್ ಗೇರ್. ನೇರ ರಸ್ತೆಯಲ್ಲಿ ಏನೂ ತಕರಾರಿಲ್ಲ. ಅಂಗಡಿ ಮುಂದಿನ ಪಾರ್ಕಿಂಗ್ ಜಾಗದಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಿದರೆ ಮಾತ್ರ ಯಾರೋ ಬ್ರೇಕ್ ಒತ್ತಿದ ಹಾಗೆ ಕಾರು ತಡೆಯುತ್ತದೆ, ಆಮೇಲೆ ಧಡ್ ಅಂತ ಜಿಗಿದು ಮುಂದೆ ಹೋಗುತ್ತದೆ. ಗ್ಯಾರೇಜಿನವರು ಒಂದು ಸುತ್ತು ಓಡಿಸಿ ನೋಡಿ ಗೇರ್‌ಬಾಕ್ಸ್ ಹೋಗಿದೆ ಅಂದರು, ಕಾರಿಗೆ ನೀನು ಕೊಟ್ಟ ದುಡ್ಡಿಗಿಂತ ದೊಡ್ಡ ಮೊತ್ತ ಹೇಳಿದರು. ಅವರು ಸುಳ್ಳು ಹೇಳಿದರು ಅಂತ ನಾನು ಅನ್ನುವುದಿಲ್ಲ. ಆದರೆ ಟೇಪು ಹಿಡಿಯದೆ, ಫ್ಯೂಸ್ ಮುಟ್ಟದೆ ಇಷ್ಟು ಬೇಗ ತೀರ್ಪು ಕೊಡುವ ಕಾಯಿಲೆ ಇದಲ್ಲ. ಕೊಲೊರಾಡೋದಲ್ಲಿ ಓದುವ ಹುಡುಗರು ಇಂಥದೇ ಹಳೆಯ ಕಾರು ಹುಡುಕಿ ಕೊಳ್ಳುತ್ತೀರಿ, ಅದು ಸಹಜ. 1997ರ ಮಾದರಿಯಿಂದ ಎಷ್ಟೋ ವರ್ಷ ಅಮೆರಿಕದಲ್ಲಿ ಮಾರಿದ ಸುಬಾರುಗಳೆಲ್ಲ ಆಲ್ ವೀಲ್ ಡ್ರೈವೇ ಆಗಿದ್ದವು. ಹಿಮ ಬೀಳುವ ರಾಜ್ಯಗಳಲ್ಲಿ ಅವು ಇಂದಿಗೂ ಅಗ್ಗಕ್ಕೆ ಸಿಗುತ್ತವೆ. ಹಾಗಾಗಿ ಈ ಕಾಯಿಲೆಯೂ ನಿನ್ನೊಬ್ಬನದಲ್ಲ.

ಮೊದಲು ಕಾರು ಏಕೆ ಹಿಡಿದುಕೊಳ್ಳುತ್ತದೆ ಅಂತ ತಿಳಿದುಕೋ. ಅದು ಗೊತ್ತಿದ್ದರೆ ಮುಂದಿನದೆಲ್ಲ ತಾನಾಗಿ ಹೊಳೆಯುತ್ತದೆ. ನಿನ್ನ ತಾತ ಕಣದಲ್ಲಿ ಹಂತಿ ಹೂಡುತ್ತಿದ್ದ ಕಾಲಕ್ಕೆ ನೀನು ಹುಟ್ಟಿರಲಿಲ್ಲ. ಮೇಟಿಗೆ ಹತ್ತಿರದ ಎತ್ತು ನಿಂತಲ್ಲೇ ನಿಂತ ಹಾಗೆ ಕಾಲಿಡುತ್ತಿತ್ತು, ಹೊರಗಿನ ಎತ್ತು ಬಿರಬಿರನೆ ನಡೆಯಬೇಕಿತ್ತು, ಎರಡಕ್ಕೂ ಒಂದೇ ನಡಿಗೆ ಹೇರಿದ್ದರೆ ಒಂದು ಇನ್ನೊಂದನ್ನು ಎಳೆದು ಬೀಳಿಸುತ್ತಿತ್ತು. ಕಾರು ತಿರುಗುವಾಗಲೂ ನಾಲ್ಕು ಚಕ್ರ ನಾಲ್ಕು ಬೇರೆ ಬೇರೆ ವೃತ್ತ ಬರೆಯುತ್ತವೆ. ಎಡ-ಬಲದ ವ್ಯತ್ಯಾಸವನ್ನು ಆಯಾ ಆಕ್ಸಲಿನ ಡಿಫರೆನ್ಷಿಯಲ್ ನೋಡಿಕೊಳ್ಳುತ್ತದೆ. ಮುಂದೆ-ಹಿಂದೆಯ ವ್ಯತ್ಯಾಸ ಜನಕ್ಕೆ ಹೊಳೆಯುವುದೇ ಇಲ್ಲ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಮುಂದಿನ ಜೋಡಿ ಚಕ್ರವನ್ನು 5 ಮೀಟರ್ ತ್ರಿಜ್ಯದಲ್ಲಿ ಒಂದು ಸುತ್ತು ಸುತ್ತಿಸಿದರೆ ಅದು ಸುಮಾರು 31 ಮೀಟರ್ ಓಡುತ್ತದೆ. ಹಿಂದಿನ ಜೋಡಿ ಒಳಗಿನಿಂದ ಅಡ್ಡ ಹಾದು 27 ಮೀಟರ್ ಆಸುಪಾಸಿನಲ್ಲೇ ಮುಗಿಸಿಬಿಡುತ್ತದೆ. ಒಂದೇ ಸುತ್ತಿಗೆ ನಾಲ್ಕು ಮೀಟರಿನಷ್ಟು ಅಂತರ! ಮುಂದಿನ ಶಾಫ್ಟಿಗೂ ಹಿಂದಿನ ಶಾಫ್ಟಿಗೂ ನಡುವೆ ಎಲ್ಲೋ ಒಂದು ಕಡೆ ಸಡಿಲ ಸಿಗಲೇಬೇಕು. ಸಿಗದಿದ್ದರೆ ಶಾಫ್ಟು ಮುರಿಗೆ ಬಿದ್ದು, ಬಿಗಿ ತಡೆಯಲಾರದೆ ಕೊನೆಗೆ ಟೈರೇ ಡಾಂಬರಿನ ಮೇಲೆ ಜಾರುತ್ತದೆ. ನಿನಗೆ ಕೇಳಿಸುವ ಧಡ್ ಅಂದರೆ ಅದೇ.

ಮಲೆನಾಡಿನ ತೋಟಗಳಲ್ಲಿ ಹಳೆಯ ಜೀಪು ಓಡಿಸುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕೆಸರಿನಲ್ಲಿ ಫೋರ್ ವೀಲ್ ಹಾಕುತ್ತಾರೆ, ಟಾರ್ ರಸ್ತೆಗೆ ಬಂದೊಡನೆ ತೆಗೆಯುತ್ತಾರೆ. ಮರೆತರೆ ಲಿವರ್ ಬರುವುದೇ ಇಲ್ಲ, ಸ್ವಲ್ಪ ರಿವರ್ಸ್ ಹೋಗಿ ಬಿಗಿ ಬಿಡಿಸಬೇಕು. ನಿನ್ನ ಕಾರಿನಲ್ಲಿ ಆ ಲಿವರಿನ ಕೆಲಸವನ್ನು ಒಂದು ಕ್ಲಚ್ಚು ಮಾಡುತ್ತದೆ. ಗೇರ್‌ಬಾಕ್ಸಿನ ಬಾಲದ ತುದಿಯಲ್ಲಿ, ಪ್ರೊಪೆಲ್ಲರ್ ಶಾಫ್ಟ್ ಸೇರುವ ಕಡೆ, ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಪ್ಲೇಟುಗಳ ಒಂದು ಕಟ್ಟಿದೆ. ಎಣ್ಣೆಯ ಒತ್ತಡ ಹೆಚ್ಚಿದರೆ ಪ್ಲೇಟುಗಳು ಒಂದಕ್ಕೊಂದು ಒತ್ತಿ ಹಿಂದಿನ ಚಕ್ರಕ್ಕೆ ಬಲ ಹೋಗುತ್ತದೆ. ಒತ್ತಡ ಇಳಿದರೆ ಜಾರುತ್ತವೆ, ಆಗ ತಿರುವಿಗೆ ಬೇಕಾದ ಸಡಿಲ ಸಿಗುತ್ತದೆ. ಆ ಒತ್ತಡವನ್ನು ಹಿಡಿತದಲ್ಲಿಡುವುದು ಡ್ಯೂಟಿ ಸೊಲೆನಾಯ್ಡ್ ಸಿ ಎಂಬ ಬೆರಳುದ್ದದ ವಿದ್ಯುತ್ ಕವಾಟ. ಅದಕ್ಕೆ ಅಪ್ಪಣೆ ಕೊಡುವುದು ಗೇರ್‌ಬಾಕ್ಸಿನ ಕಂಪ್ಯೂಟರ್. ಕರೆಂಟು ಹರಿದಷ್ಟೂ ಕ್ಲಚ್ಚು ಸಡಿಲ, ಕರೆಂಟು ನಿಂತರೆ ಪೂರ್ತಿ ಬಿಗಿ. ಹಿಮದಲ್ಲಿ ವೈರು ಕಡಿದುಹೋದರೂ ನಾಲ್ಕೂ ಚಕ್ರಕ್ಕೆ ಬಲ ಸಿಗಲಿ ಅಂತ ಹೀಗೆ ಮಾಡಿದ್ದಾರೆ. ಆದ್ದರಿಂದ ಸೊಲೆನಾಯ್ಡ್ ಸತ್ತರೆ ನಿನ್ನ ಕಾರು ಫೋರ್ ವೀಲಿನಲ್ಲೇ ಸಿಕ್ಕಿಕೊಂಡ ಜೀಪಾಗುತ್ತದೆ.

ನೀನು ಕಾರು ಕೊಂಡದ್ದು ಫೆಬ್ರುವರಿಯಲ್ಲಿ. ಊರೆಲ್ಲ ಹಿಮ, ಟೈರು ಹೇಗೂ ಜಾರುತ್ತಿತ್ತು, ಬಿಗಿ ತಾನಾಗಿ ಬಿಡುತ್ತಿತ್ತು. ನೆಲ ಒಣಗಿದ ಮೇಲೆ ಕಾಯಿಲೆ ಹೊರಬಂತು. ಮಾರಿದವನಿಗೆ ಗೊತ್ತಿತ್ತೋ ಇಲ್ಲವೋ, ಈಗ ಅದರ ವಿಚಾರಣೆ ಬೇಡ. ನಿನ್ನ ಗೆಳೆಯರಿಗೆ ಮಾತ್ರ ಹೇಳು: ಇಂಥ ಕಾರನ್ನು ಒಣ ನೆಲದಲ್ಲಿ, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡದೆ ಕೊಳ್ಳಬಾರದು.

ಈಗ ಪರೀಕ್ಷೆಗೆ ಬಾ. ತಣ್ಣಗಿರುವಾಗ ಮಾಡಿದ ಪರೀಕ್ಷೆ ನಂಬಬೇಡ, ಬೆಳಿಗ್ಗೆ ಸುಮ್ಮನಿದ್ದು ಅರ್ಧ ಗಂಟೆ ಓಡಿದ ಮೇಲೆ ಹಟ ಹಿಡಿಯುವ ಗೇರ್‌ಬಾಕ್ಸುಗಳೇ ಹೆಚ್ಚು. ಹೆದ್ದಾರಿಯಲ್ಲಿ ಒಂದಷ್ಟು ದೂರ ಹೋಗಿ ಬಾ. ಖಾಲಿ ಇರುವ ಒಣ ಪಾರ್ಕಿಂಗ್ ಜಾಗದಲ್ಲಿ ಗೇರನ್ನು ಡಿ-ಯಲ್ಲಿಟ್ಟು, ಸ್ಟೀರಿಂಗ್ ಪೂರ್ತಿ ತಿರುಗಿಸಿ, ಬ್ರೇಕಿನಿಂದ ಕಾಲು ತೆಗೆ. ಆಕ್ಸಿಲರೇಟರ್ ಒತ್ತಬೇಡ. ಒತ್ತಿದರೆ ಕಂಪ್ಯೂಟರು ಬಲ ಬೇಕಾಗಿದೆ ಅಂದುಕೊಂಡು ಕ್ಲಚ್ಚನ್ನು ತಾನೇ ಬಿಗಿ ಮಾಡುತ್ತದೆ, ಆಗ ಒಳ್ಳೆಯ ಕಾರೂ ಸ್ವಲ್ಪ ಹಿಡಿದ ಹಾಗೆ ಅನ್ನಿಸುತ್ತದೆ. ಒಂದನೇ ಗೇರಿನಲ್ಲೂ ಹಾಗೆಯೇ, ಅದಕ್ಕೇ ಡಿ ಅಂದದ್ದು. ಇಂಜಿನಿನ ಸ್ವಂತ ಓಟಕ್ಕೆ ಕಾರು ಸರಾಗವಾಗಿ ಸುತ್ತು ಹಾಕಿದರೆ ಸರಿ. ತಡೆದು ನಿಂತರೆ, ನಡುಗಿದರೆ, ರಿವರ್ಸಿನಲ್ಲೂ ಹಾಗೇ ಮಾಡಿದರೆ, ಬಿಗಿ ನಿಜ.

ಆದರೂ ಅದು ಕ್ಲಚ್ಚಿನದೇ ಬಿಗಿ ಅಂತ ಇನ್ನೂ ಹೇಳುವಂತಿಲ್ಲ. ಬ್ರೇಕ್ ಕ್ಯಾಲಿಪರ್ ಜಾಮ್ ಆಗಿದ್ದರೆ, ಹ್ಯಾಂಡ್ ಬ್ರೇಕ್ ಪೂರ್ತಿ ಬಿಡದಿದ್ದರೆ ಕಾರು ನೇರ ರಸ್ತೆಯಲ್ಲೂ ಭಾರ ಎಳೆಯುತ್ತದೆ. ಓಡಿಸಿ ನಿಲ್ಲಿಸಿದ ಮೇಲೆ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡು, ಮುಟ್ಟಬೇಡ, ಒಂದು ಚಕ್ರ ಮಾತ್ರ ಕಾವು ಉಗುಳುತ್ತಿದ್ದರೆ ಗುಟ್ಟು ಅಲ್ಲೇ ಇದೆ. ತಿರುಗುವಾಗ ಕಟಕಟ ಸದ್ದು ಬಂದರೆ ಮುಂದಿನ ಆಕ್ಸಲಿನ ಜಾಯಿಂಟು. ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಗಟ್ಟಿಯಾಗಿದ್ದರೆ ನೇರ ಓಟದಲ್ಲೂ ನಡುಕ ಇರುತ್ತದೆ. ನಿನ್ನ ಕಾರಿಗೆ ಇವು ಯಾವುದೂ ಹೊಂದುವಂತೆ ಕಾಣುವುದಿಲ್ಲ. ಆದರೂ ನೋಡಿಬಿಡು, ಕಾಸು ಖರ್ಚಿಲ್ಲ.

ಟೈರಿನ ವಿಷಯಕ್ಕೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಎಲ್ಲರೂ ಉಪೇಕ್ಷೆ ಮಾಡುವುದು ಇದನ್ನೇ. ಆಲ್ ವೀಲ್ ಡ್ರೈವ್ ಕಾರಿನ ನಾಲ್ಕೂ ಟೈರುಗಳ ಸುತ್ತಳತೆ ಒಂದಕ್ಕೊಂದು ಕಾಲು ಇಂಚಿಗಿಂತ, ಅಂದರೆ ಸುಮಾರು 6 ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು ಅನ್ನುವುದು ಸುಬಾರು ಹೇಳುವ ಲೆಕ್ಕ. ಕೇಳಿದರೆ ಅತಿ ಅನ್ನಿಸುತ್ತದೆ. ಟೈರಿನ ಮೇಲಿನ ಬಟನ್ 1 ಮಿಲಿಮೀಟರ್ ಸವೆದರೆ ಸುತ್ತಳತೆ 6 ಮಿಲಿಮೀಟರ್ ಇಳಿದಾಯಿತು! ನಿನ್ನ ಕಾರಿಗೆ 205/70 ಆರ್ 15 ಟೈರು, ಸುತ್ತಳತೆ 2 ಮೀಟರ್ 10 ಸೆಂಟಿಮೀಟರ್ ಹತ್ತಿರ. ಮುಂದೆ ಎರಡು ಹೊಸ ಟೈರು, ಹಿಂದೆ 5 ಮಿಲಿಮೀಟರ್ ಸವೆದ ಎರಡು ಹಳೆಯದು ಅಂತ ಇಟ್ಟುಕೋ. ಒಂದು ಕಿಲೋಮೀಟರಿಗೆ ಹಿಂದಿನ ಚಕ್ರ ಏಳು ಸುತ್ತು ಹೆಚ್ಚು ಸುತ್ತಬೇಕು. ಚಕ್ರ ಒಂದು ಸುತ್ತು ಬಂದರೆ ಶಾಫ್ಟು ನಾಲ್ಕಕ್ಕೂ ಹೆಚ್ಚು ಸುತ್ತು ಬರುತ್ತದೆ, ಆದ್ದರಿಂದ ಬಾಲದ ಕ್ಲಚ್ಚು ಪ್ರತಿ ಕಿಲೋಮೀಟರಿಗೂ ಮೂವತ್ತು ಸುತ್ತಿನಷ್ಟು ಜಾರುತ್ತಲೇ ಇರಬೇಕು, ಅದೂ ನೇರ ರಸ್ತೆಯಲ್ಲಿ. ಇಷ್ಟೇ ಅಲ್ಲ. ಮುಂದೆ-ಹಿಂದೆ ವೇಗ ಬೇರೆ ಬೇರೆ ಕಂಡಾಗ ಕಂಪ್ಯೂಟರು ಚಕ್ರ ಜಾರುತ್ತಿದೆ ಅಂತ ತಪ್ಪು ತಿಳಿದು ಒತ್ತಡ ಇನ್ನೂ ಏರಿಸುತ್ತದೆ. ಒಳ್ಳೆಯ ಕ್ಲಚ್ಚು ಸುಟ್ಟುಹೋಗುವುದು ಹೀಗೆ. ಹಣ ಉಳಿಸಲು ಎರಡೇ ಟೈರು ಹಾಕಿಸಿದವರ ಕಾರುಗಳಲ್ಲಿ ನಾನು ಇದನ್ನೇ ಕಂಡಿದ್ದೇನೆ.

ನಿಮ್ಮತ್ತೆಯ ಹೊಲಿಗೆ ಡಬ್ಬಿಯಲ್ಲಿರುತ್ತಲ್ಲ, ಅಂಥ ಬಟ್ಟೆ ಟೇಪು ಒಂದು ಕೊಂಡುಕೋ. ನಾಲ್ಕೂ ಟೈರಿಗೆ ಗಾಳಿ ಒಂದೇ ಸಮ ಮಾಡು. ಒಂದೊಂದೇ ಚಕ್ರವನ್ನು ಜಾಕಿಯಿಂದ ಎತ್ತಿ, ಬಟನ್ ನಡುವಿನ ಸಾಲಿನ ಮೇಲೆ ಟೇಪು ಸುತ್ತಿ ಅಳೆದು ಬರೆದುಕೋ. ಎತ್ತಿದಾಗ ಇಂಜಿನ್ ಆಫ್ ಆಗಿರಲಿ. ಒಂದು ಚಕ್ರ ಮಾತ್ರ ಎತ್ತಿದ ಆಲ್ ವೀಲ್ ಡ್ರೈವ್ ಕಾರಿಗೆ ಗೇರು ಹಾಕಿದರೆ ಅದು ಜಾಕಿಯಿಂದ ಹಾರಿ ಹೋಗಬಹುದು. ಟೈರಿನ ಮೇಲೆ ಬರೆದ ಅಳತೆ, ಕಂಪನಿ, ಮಾದರಿ ನಾಲ್ಕಕ್ಕೂ ಒಂದೇ ಇದೆಯಾ ಅಂತಲೂ ನೋಡು. ಒಂದೇ ಅಳತೆ ಬರೆದಿದ್ದರೂ ಎರಡು ಕಂಪನಿಯ ಟೈರು ಸುತ್ತಳತೆಯಲ್ಲಿ ಒಂದೇ ಇರುತ್ತವೆ ಅನ್ನುವ ಭರವಸೆ ಇಲ್ಲ.

ಟೈರು ಸರಿಯಿದ್ದರೆ ಎಣ್ಣೆ ನೋಡು. ಇಲ್ಲೊಂದು ಎಡವಟ್ಟು ಕಾದಿರುತ್ತದೆ. ಈ ಕಾರಿನಲ್ಲಿ ಗೇರ್‌ಬಾಕ್ಸ್ ಎಣ್ಣೆಗೆ ಒಂದು ಡಿಪ್ ಸ್ಟಿಕ್ಕು, ಮುಂದಿನ ಡಿಫರೆನ್ಷಿಯಲ್ಲಿಗೆ ಇನ್ನೊಂದು. ಮೊದಲನೆಯದು ಡ್ರೈವರ್ ಕಡೆ, ಎರಡನೆಯದು ಪಕ್ಕದ ಸೀಟಿನ ಕಡೆ. ಆಯಿಲ್ ಬದಲಾಯಿಸುವ ಅವಸರದ ಅಂಗಡಿಗಳಲ್ಲಿ ಒಂದನ್ನು ಬಸಿದು ಇನ್ನೊಂದಕ್ಕೆ ಸುರಿದು ಎರಡನ್ನೂ ಹಾಳು ಮಾಡಿದ ಕಥೆ ಸುಬಾರು ಇಟ್ಟವರೆಲ್ಲ ಹೇಳುತ್ತಾರೆ. ಗೇರ್‌ಬಾಕ್ಸಿನದನ್ನು ಕಾರು ಬಿಸಿಯಾಗಿ, ಇಂಜಿನ್ ಓಡುತ್ತಿರುವಾಗ, ಗೇರು ಪಿ-ಯಲ್ಲಿಟ್ಟು ನೋಡಬೇಕು. ಡಿಫರೆನ್ಷಿಯಲ್ಲಿನದನ್ನು ಇಂಜಿನ್ ನಿಲ್ಲಿಸಿ. ಗೇರ್‌ಬಾಕ್ಸ್ ಎಣ್ಣೆ ಕೆಂಪಗೆ ತಿಳಿಯಾಗಿದ್ದರೆ ಸಂತೋಷ. ಕಂದಾಗಿ ಸುಟ್ಟ ವಾಸನೆ ಬಂದರೆ ಬದಲಾಯಿಸು. ಒಳಗೆ ಸುಮಾರು 9.5 ಲೀಟರ್ ಇರುತ್ತದೆ, ಕೆಳಗಿನ ಬೋಲ್ಟ್ ಬಿಚ್ಚಿ ಬಸಿದರೆ ಅರ್ಧವೂ ಬರುವುದಿಲ್ಲ. ಆದ್ದರಿಂದ ಬಸಿದು, ತುಂಬಿ, ಒಂದಷ್ಟು ಓಡಿಸಿ, ಮತ್ತೆ ಬಸಿಯಬೇಕು. ಮೂರು ಸಲ ಮಾಡಿದರೆ ಬಹುಪಾಲು ಹೊಸದಾಗುತ್ತದೆ. ಯಂತ್ರ ಹಚ್ಚಿ ಒತ್ತಡದಲ್ಲಿ ತೊಳೆಯುತ್ತೇವೆ ಅನ್ನುವವರಿಗೆ ಬೇಡ ಅನ್ನು, ಇಷ್ಟು ಹಳೆಯ ಗೇರ್‌ಬಾಕ್ಸಿಗೆ ಅದು ನನಗೆ ಒಗ್ಗದ ಚಿಕಿತ್ಸೆ. ಹೊಸ ಎಣ್ಣೆ ಹಾಕಿ ಖಾಲಿ ಜಾಗದಲ್ಲಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ನಿಧಾನವಾಗಿ ಸುತ್ತು ಹಾಕು. ಅಂಟಿಕೊಂಡ ಪ್ಲೇಟುಗಳು ಕೆಲವು ಸಲ ಇಷ್ಟಕ್ಕೇ ಬಿಡುತ್ತವೆ. ಬಿಟ್ಟರೆ ನಿನ್ನ ಪುಣ್ಯ. ಬಾಟಲಿಯಲ್ಲಿ ಬರುವ ಮಾಯಾ ಔಷಧಗಳ ಮಾತು ಎತ್ತಲೇಬೇಡ.

ಇನ್ನು ಫ್ಯೂಸಿನ ಪರೀಕ್ಷೆ. ನಿನ್ನ ಗ್ಯಾರೇಜಿನವರು ಮಾಡಬೇಕಾಗಿದ್ದು ಇದೇ, ಐದು ನಿಮಿಷದ ಕೆಲಸ. ಬಾನೆಟ್ ಎತ್ತಿ ಪಕ್ಕದ ಸೀಟಿನ ಕಡೆ, ಹಿಂದಿನ ಗೋಡೆಯ ಹತ್ತಿರ ನೋಡು. ಎಫ್‌ಡಬ್ಲ್ಯೂಡಿ (ಫ್ರಂಟ್ ವೀಲ್ ಡ್ರೈವ್) ಅಂತ ಬರೆದ ಪುಟ್ಟ ಕಪ್ಪು ಡಬ್ಬಿ ಇರುತ್ತದೆ, ಒಳಗೆ ಫ್ಯೂಸಿನ ಜಾಗ ಖಾಲಿ. ಇಂಜಿನ್ ನಿಲ್ಲಿಸಿ ಅಲ್ಲಿ 15 ಆಂಪಿಯರ್ ಫ್ಯೂಸ್ ಸಿಕ್ಕಿಸು. ಈ ಸೌಲಭ್ಯ ಇಟ್ಟಿರುವುದು ಸಣ್ಣ ಸ್ಟೆಪ್ನಿ ಹಾಕಿಕೊಂಡು ಓಡಿಸಬೇಕಾದಾಗ ಹಿಂದಿನ ಚಕ್ರಗಳನ್ನು ಬಿಡಿಸಿಡಲಿ ಅಂತ. ನಮಗೆ ಅದು ಪರೀಕ್ಷೆಗೆ ಒದಗುತ್ತದೆ. ಫ್ಯೂಸ್ ಕೂತೊಡನೆ ಕಂಪ್ಯೂಟರು ಸೊಲೆನಾಯ್ಡಿಗೆ ಬಹುತೇಕ ಪೂರ್ತಿ ಕರೆಂಟು ಕೊಟ್ಟು, ಕ್ಲಚ್ಚು ಬಿಡು ಅಂತ ಅಪ್ಪಣೆ ಮಾಡುತ್ತದೆ. ಮೀಟರ್ ಫಲಕದಲ್ಲಿ ಎಫ್‌ಡಬ್ಲ್ಯೂಡಿ ದೀಪ ಹತ್ತುತ್ತದೆ. ಅದೇ ಜಾಗದಲ್ಲಿ ಅದೇ ಸುತ್ತು ಮತ್ತೆ ಹಾಕು.

ದೀಪ ಹತ್ತಿ, ಬಿಗಿಯೂ ಮಾಯವಾದರೆ ಸಿಹಿ ಹಂಚು. ವೈರು, ಸೊಲೆನಾಯ್ಡ್, ಕ್ಲಚ್ಚು ಮೂರೂ ಹೇಳಿದ ಮಾತು ಕೇಳುತ್ತಿವೆ ಅಂತ ಅರ್ಥ, ಗೇರ್‌ಬಾಕ್ಸ್ ಬದಲಾಯಿಸುವ ಮಾತು ಅಲ್ಲಿಗೆ ಮುಗಿಯಿತು. ಕಂಪ್ಯೂಟರಿಗೆ ಯಾರೋ ತಪ್ಪು ವರದಿ ಕೊಡುತ್ತಿದ್ದಾರೆ: ಟೈರು, ವೇಗದ ಸೆನ್ಸರು, ಇಲ್ಲವೇ ಥ್ರಾಟಲ್ ಸೆನ್ಸರು. ಇನ್ನೊಂದು ಸಾಧ್ಯತೆ ಇದೆ. ಹಳೆಯ ಮಾಲೀಕರು ಯಾವಾಗಲೋ ಗುಜರಿಯಿಂದ ಗೇರ್‌ಬಾಕ್ಸೋ ಹಿಂದಿನ ಡಿಫರೆನ್ಷಿಯಲ್ಲೋ ತಂದು ಕೂರಿಸಿರಬಹುದು. ಸುಬಾರುವಿನಲ್ಲಿ 4.11 ಅನುಪಾತದ್ದೂ ಉಂಟು, 4.44ರದ್ದೂ ಉಂಟು. ಮುಂದೆ ಒಂದು, ಹಿಂದೆ ಇನ್ನೊಂದು ಆದರೆ ಆ ಕಾರು ಓಡಿದಷ್ಟೂ ತನ್ನನ್ನೇ ಜಗ್ಗಿಕೊಳ್ಳುತ್ತದೆ.

ದೀಪ ಹತ್ತಿಯೂ ಬಿಗಿ ಹಾಗೇ ಇದ್ದರೆ, ಅಪ್ಪಣೆ ಹೋಗಿದೆ, ಕೆಲಸ ಆಗಿಲ್ಲ. ಸೊಲೆನಾಯ್ಡಿನ ವೈರಿಗೆ ಮಲ್ಟಿಮೀಟರ್ ಹಚ್ಚಿ ಓಮ್ ಅಳೆಸು. ಏನೂ ತೋರಿಸದಿದ್ದರೆ ಸುರುಳಿ ಕಡಿದಿದೆ, ಸೊನ್ನೆಯ ಹತ್ತಿರ ತೋರಿಸಿದರೆ ಶಾರ್ಟ್ ಆಗಿದೆ. ಕಾರು ಸ್ಟಾರ್ಟ್ ಮಾಡಿದಾಗ ಎ.ಟಿ. ಆಯಿಲ್ ಟೆಂಪ್ ದೀಪ ಮಿನುಗುತ್ತಿತ್ತಾ ಅಂತಲೂ ಗಮನಿಸು. ಗೇರ್‌ಬಾಕ್ಸ್ ಕಂಪ್ಯೂಟರು ಏನೋ ದೂರು ಬರೆದಿಟ್ಟುಕೊಂಡಿದೆ ಅನ್ನುವ ಸೂಚನೆ ಅದು. ಆ ಕಾಲದ ಸುಬಾರುಗಳಲ್ಲಿ 24ನೇ ಸಂಖ್ಯೆಯ ದೂರು ಅಂದರೆ ನೇರವಾಗಿ ಡ್ಯೂಟಿ ಸೊಲೆನಾಯ್ಡ್ ಸಿ. ನಿನ್ನ ರೂಮ್‌ಮೇಟ್ ಇಟ್ಟಿರುವ ಸಾಧಾರಣ ಸ್ಕ್ಯಾನರ್ ಇದನ್ನು ಓದದೇ ಇರಬಹುದು. ದೂರೇ ಇಲ್ಲದಿದ್ದರೂ ಸೊಲೆನಾಯ್ಡ್ ನಿರ್ದೋಷಿ ಅಂತ ಅಂದುಕೊಳ್ಳಬೇಡ, ಕಸ ಸಿಕ್ಕಿ ಕವಾಟ ಅಂಟಿಕೊಂಡರೆ ಕಂಪ್ಯೂಟರಿಗೆ ಅದು ಕಾಣುವುದಿಲ್ಲ.

ವಿದ್ಯುತ್ತಿನ ಕಡೆ ಎಲ್ಲ ಸರಿಯಿದ್ದರೆ ಉಳಿಯುವುದು ಕ್ಲಚ್ ಡ್ರಮ್ಮು. ಪ್ಲೇಟುಗಳ ಹಲ್ಲು ಡ್ರಮ್ಮಿನ ತೋಡುಗಳಲ್ಲಿ ಬಡಿದು ಬಡಿದು ಕಚ್ಚು ಬಿದ್ದಿರುತ್ತದೆ. ಒತ್ತಡ ಇಳಿದರೂ ಪ್ಲೇಟು ಆ ಕಚ್ಚಿನಿಂದ ಹೊರಬಂದು ಸರಿಯಲಾರದು. ಆಗ ಡ್ರಮ್ಮನ್ನೂ ಪ್ಲೇಟುಗಳನ್ನೂ ಒಟ್ಟಿಗೆ ಬದಲಾಯಿಸಬೇಕು, ಅರದಿಂದ ಉಜ್ಜಿ ನಯ ಮಾಡುತ್ತೇನೆ ಅನ್ನುವವರ ಹತ್ತಿರ ಹೋಗಬೇಡ. ಹೀಗಾದರೂ ಗೇರ್‌ಬಾಕ್ಸ್ ಇಳಿಸಬೇಕಾಗಿಲ್ಲ, ಇದನ್ನು ನೆನಪಿಡು. ಸೈಲೆನ್ಸರ್ ಪೈಪು, ಪ್ರೊಪೆಲ್ಲರ್ ಶಾಫ್ಟು, ಅಡ್ಡಪಟ್ಟಿ ಬಿಚ್ಚಿ, ಗೇರ್‌ಬಾಕ್ಸಿಗೆ ಜಾಕಿ ಕೊಟ್ಟು, ಬಾಲದ ಕವಚವೊಂದನ್ನೇ ಹಿಂದಕ್ಕೆ ಎಳೆದರೆ ಕ್ಲಚ್ಚೂ ಸೊಲೆನಾಯ್ಡೂ ಕೈಗೆ ಸಿಗುತ್ತವೆ. ಹಾಗೆ ಬಿಚ್ಚಿದ ಮೇಲೆ ಸೊಲೆನಾಯ್ಡ್ ಒಂದನ್ನೇ ಬದಲಾಯಿಸಿ ಮುಚ್ಚಲು ಬಿಡಬೇಡ. ಡ್ರಮ್ಮನ್ನು ಬೆಳಕಿಗೆ ಹಿಡಿದು, ತೋಡುಗಳ ಮೇಲೆ ಉಗುರಾಡಿಸಿ ನೋಡು. ಎರಡನೇ ಸಲ ಬಿಚ್ಚುವ ಕೂಲಿ ನಿನ್ನ ತಲೆಗೇ ಬರುತ್ತದೆ.

ಫ್ಯೂಸ್ ಹಾಕಿಯೂ ದೀಪವೇ ಹತ್ತದಿದ್ದರೆ ಫ್ಯೂಸಿನ ಡಬ್ಬಿಯ ತುಕ್ಕು, ವೈರು, ಬಲ್ಬು ನೋಡಿ ಮತ್ತೆ ಪರೀಕ್ಷೆ ಮಾಡು. ಅಲ್ಲಿಯವರೆಗೆ ಯಾವ ತೀರ್ಮಾನವೂ ಬೇಡ. ಈ ಪರೀಕ್ಷೆಯನ್ನು ಎಲ್ಲ ಸುಬಾರುವಿಗೂ ಹೇಳಿಕೊಂಡು ತಿರುಗಬೇಡ. ಮ್ಯಾನುಯಲ್ ಗೇರಿನ ಕಾರಿನಲ್ಲಿ ಈ ಕ್ಲಚ್ಚಾಗಲಿ ಸೊಲೆನಾಯ್ಡಾಗಲಿ ಇಲ್ಲ, ಅದರ ನಡುವಿನ ಡಿಫರೆನ್ಷಿಯಲ್ಲಿನಲ್ಲಿ ಸಿಲಿಕೋನ್ ಎಣ್ಣೆ ತುಂಬಿದ ಕಪ್ಲಿಂಗ್ ಇರುತ್ತದೆ.

ಬಿಗಿ ಹೋಯಿತೆಂದು ಫ್ಯೂಸನ್ನು ಅಲ್ಲೇ ಬಿಟ್ಟು ವರ್ಷಗಟ್ಟಲೆ ಓಡಿಸುವವರಿದ್ದಾರೆ. ರಿಪೇರಿ ದಿನದವರೆಗೆ ಒಂದೆರಡು ವಾರಕ್ಕೆ ಸರಿ. ಅದಕ್ಕಿಂತ ಹೆಚ್ಚು ನನಗೆ ಒಪ್ಪಿಗೆಯಿಲ್ಲ, ಸೊಲೆನಾಯ್ಡ್ ಬಿಡುವಿಲ್ಲದೆ ಕರೆಂಟು ಕುಡಿಯುತ್ತಾ ಕಾಯುತ್ತಿರುತ್ತದೆ. ಚಳಿಗಾಲದಲ್ಲಿ ಫ್ಯೂಸ್ ಹಾಕಿಕೊಂಡು ಐ-70 ಹೆದ್ದಾರಿಯಲ್ಲಿ ಬೆಟ್ಟ ಹತ್ತಲು ಹೊರಟರೆ ನಿನ್ನದು ಮುಂದಿನ ಎರಡೇ ಚಕ್ರದ ಕಾರು ಅನ್ನುವುದು ನೆನಪಿರಲಿ. ಹಾಗಂತ ಬಿಗಿ ಹಿಡಿದ ಕಾರನ್ನು ಹಾಗೇ ಓಡಿಸುವುದೂ ಬೇಡ, ಟೈರು ಮೊದಲು ಹೋಗುತ್ತದೆ, ಆಮೇಲೆ ಜಾಯಿಂಟು, ಆಮೇಲೆ ಹಿಂದಿನ ಡಿಫರೆನ್ಷಿಯಲ್. ಎಲ್ಲಾದರೂ ಕೆಟ್ಟು ನಿಂತರೆ ಮುಂದಿನ ಚಕ್ರ ಮಾತ್ರ ಎತ್ತಿ ಎಳೆದುಕೊಂಡು ಹೋಗಲು ಬಿಡಬೇಡ. ನಾಲ್ಕೂ ಚಕ್ರ ಮೇಲೇರುವ ಚಪ್ಪಟೆ ಲಾರಿಯನ್ನೇ ಕರೆಸು.

ನಿಮ್ಮಮ್ಮನಿಗೆ ಗೇರ್‌ಬಾಕ್ಸ್ ಹೋಗಿದೆ ಅಂತ ಈಗಲೇ ಹೇಳಿ ನಿದ್ದೆಗೆಡಿಸಬೇಡ. ಭಾನುವಾರ ಪಾರ್ಕಿಂಗ್ ಜಾಗ ಖಾಲಿಯಿರುವ ಹೊತ್ತಿಗೆ ಹೋಗಿ ಇಷ್ಟು ಮಾಡು. ನಾಲ್ಕು ಟೈರಿನ ಸುತ್ತಳತೆ, ಎರಡು ಡಿಪ್ ಸ್ಟಿಕ್ಕಿನ ಎಣ್ಣೆಯ ಬಣ್ಣ, ಫ್ಯೂಸ್ ಹಾಕುವ ಮೊದಲು ಕಾರು ಹೇಗಿತ್ತು, ಹಾಕಿದ ಮೇಲೆ ಹೇಗಿತ್ತು, ದೀಪ ಹತ್ತಿತಾ ಇಲ್ಲವಾ, ಎಲ್ಲ ಒಂದು ಚೀಟಿಯಲ್ಲಿ ಬರೆದು ನನಗೆ ಫೋನ್ ಮಾಡು. ಬಾಲ ಬಿಚ್ಚಿಸಬೇಕೋ ಬೇಡವೋ, ಬಿಚ್ಚಿಸಿದರೆ ಯಾವ ಸಾಮಾನು ತರಿಸಬೇಕು ಅಂತ ಆಗ ಕೂತು ಮಾತಾಡೋಣ. ಅಲ್ಲಿಯವರೆಗೆ ಆ ಗ್ಯಾರೇಜಿನವರಿಗೆ ಒಂದು ಡಾಲರ್ ಮುಂಗಡವನ್ನೂ ಕೊಡಬೇಡ.